ಬಚ್ಚಲ ಕಟ್ಟೆ ತೆಗೆಸಿದ ದಿನದ ಪುಟ

ಹೋದ ತಿಂಗಳು ಗ್ಯಾರೇಜು ಖಾಲಿ ಮಾಡುವಾಗ ನಿಮ್ಮ ಕೈಗೆ ಒಂದು ಹಳೆಯ ಫೈಲು ಸಿಕ್ಕಿತಲ್ಲ, ಅದರೊಳಗೆ ನನ್ನ ನೋಟ್‌ಬುಕ್ಕಿನ ಪುಟಗಳ ಪ್ರತಿ ಇತ್ತು. ಕೆಲವು ಸಾಲುಗಳ ಮೇಲೆ ಕಪ್ಪು ಪಟ್ಟಿ ಎಳೆದಿತ್ತು. "ಅಜ್ಜಿ, ನೀನೇನು ಸೀಕ್ರೆಟ್ ಏಜೆಂಟಾ?" ಎಂದು ನಕ್ಕಿರಿ. ನಾನೂ ನಕ್ಕು ಅಡುಗೆಮನೆ ಕಡೆ ಹೋದೆ. ನಾಲ್ಕು ಜನರ ಮುಂದೆ ಕೂತು ಹೇಳುವುದು ನನಗೆ ಬರುವುದಿಲ್ಲ. ಬರೆಯುವುದು ಸ್ವಲ್ಪ ಬರುತ್ತದೆ. ನಿಮಗೆ ಓದಲು ಕಷ್ಟವಾದ ಕಡೆ ನಿಮ್ಮಮ್ಮ ಓದಿ ಹೇಳಲಿ.

ಆಗ ನಿಮ್ಮಲ್ಲಿ ದೊಡ್ಡವಳು ಎರಡನೇ ಕ್ಲಾಸು, ಚಿಕ್ಕವನು ಇನ್ನೂ ಶೂ ಲೇಸು ಕಟ್ಟಲು ಕಲಿಯುತ್ತಿದ್ದ. ಸಿಯಾಟಲ್ ಹತ್ತಿರದ ನ್ಯೂಕ್ಯಾಸಲ್‌ನ ಈ ಮನೆ ಇಳಿಜಾರಿನಲ್ಲಿದೆ. ರಸ್ತೆಯಿಂದ ನೋಡಿದರೆ ಒಂದೇ ಅಂತಸ್ತು, ಹಿಂದಿನಿಂದ ಎರಡು. ನಿಮ್ಮ ತಾತ ತೀರಿಕೊಂಡ ಮಾರನೆಯ ವರ್ಷ ನಾನು ಬಂದು ಇಲ್ಲೇ ಉಳಿದೆ. ನನ್ನ ಮೊಣಕಾಲಿಗೆ ಮೆಟ್ಟಿಲು ಆಗದು ಎಂದು ನಿಮ್ಮ ಅಪ್ಪ ಅಮ್ಮ ರಸ್ತೆಯ ಮಟ್ಟದಲ್ಲೇ ನನಗೊಂದು ಕೋಣೆ, ಅದಕ್ಕೆ ಅಂಟಿಕೊಂಡಂತೆ ಒಂದು ಬಚ್ಚಲು ಕಟ್ಟಿಸಿದರು. ಆ ಬಚ್ಚಲ ಕೆಳಗೆ ನಿಮ್ಮ ಆಟದ ಕೋಣೆ. ಕೆಲಸ ಮುಗಿದು ಎಂಟು ತಿಂಗಳಾಗಿರಬೇಕು, ಆಟದ ಕೋಣೆಯ ಸೂರಿನಲ್ಲಿ ಕಂದು ಬಣ್ಣದ ಕಲೆಯೊಂದು ಮೂಡಿದ್ದನ್ನು ಮೊದಲು ಕಂಡವರು ನೀವೇ. ದೊಡ್ಡವಳು ಕರಡಿ ಅಂದಳು, ಚಿಕ್ಕವನು ಟ್ರಕ್ಕು ಅಂದ, ಅದಕ್ಕೇ ಜಗಳವಾಯಿತು. ಹದಿನೈದು ದಿನದಲ್ಲಿ ಕರಡಿಗೆ ಬಾಲ ಬಂತು. ಒಂದು ಬೆಳಿಗ್ಗೆ ಬಾಲದ ತುದಿಯಿಂದ ನೀರು ತೊಟ್ಟಿಕ್ಕಿತು.

ಕಟ್ಟಿದ ಕಂಪನಿಯವರು ಬಂದು ನೋಡಿ, ಫ್ಯಾನ್ ಹಾಕದೆ ಬಿಸಿನೀರಿನ ಸ್ನಾನ ಮಾಡುತ್ತೀರಿ, ಹಬೆ ಕೂತಿದೆ ಎಂದು ಹೇಳಿ ಹೋದರು. ಮತ್ತೆ ಫೋನ್ ಮಾಡಿದಾಗ ಸರಿಯಾದ ಉತ್ತರವೇ ಬರಲಿಲ್ಲ. ನಿಮ್ಮಪ್ಪ ಸೂರಿನಲ್ಲಿ ಒಂದು ಚೌಕ ಕತ್ತರಿಸಿ ಬ್ಯಾಟರಿ ಬಿಟ್ಟು ನೋಡಿದರು. ಒಳಗಿನ ಮರ ಕಪ್ಪಗಾಗಿ, ಮುಟ್ಟಿದರೆ ಕೈಗೆ ಒದ್ದೆ ಹತ್ತುತ್ತಿತ್ತು. ಆಮೇಲೆ ವಕೀಲರನ್ನು ಕರೆಸಿದರು.

ವಕೀಲರು ನಲವತ್ತರ ಆಸುಪಾಸಿನ ಹೆಂಗಸು. ಬಂದವರೇ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಅದೊಂದಕ್ಕೇ ನನಗೆ ಅವರ ಮೇಲೆ ವಿಶ್ವಾಸ ಬಂತು. ನಾನು ಕೋಡುಬಳೆ ಕರಿದಿದ್ದೆ. ಕಾಫಿ ಜೊತೆ ಕೊಟ್ಟು ಅಲ್ಲೇ ಕುರ್ಚಿಯ ತುದಿಗೆ ಕೂತೆ. ಮನೆಗೆ ಬಂದವರು ತಿನ್ನುವಾಗ ಎದ್ದುಹೋಗುವುದು ನಮ್ಮ ಕಡೆ ಮರ್ಯಾದೆಯಲ್ಲ. ಅವರು ನನ್ನ ಕಡೆ ನೋಡಿ ನಿಮ್ಮಮ್ಮನಿಗೆ ಮೆಲ್ಲಗೆ ಏನೋ ಹೇಳಿದರು. ನಿಮ್ಮಮ್ಮನ ಮುಖ ಕೆಂಪಾಯಿತು.

"ಅಮ್ಮಾ, ಬೇಜಾರ್ ಮಾಡ್ಕೋಬೇಡ. ನೀನು ಸ್ವಲ್ಪ ಹೊತ್ತು ರೂಮಲ್ಲಿರ್ಬೇಕಂತೆ."

"ಯಾಕೆ, ಕೋಡುಬಳೆ ಖಾರ ಆಯ್ತಾ?"

"ಅಯ್ಯೋ, ಅದಲ್ಲಮ್ಮ. ಮನೆ ನಮ್ಮಿಬ್ರ ಹೆಸ್ರಲ್ಲಿದೆ, ಅವ್ರು ನಮ್ಮಿಬ್ರಿಗೆ ಲಾಯರ್. ನಾವು ಅವ್ರ ಹತ್ರ ಮಾತಾಡಿದ್ದನ್ನ ಎದುರು ಪಾರ್ಟಿಯವ್ರು ಕೇಳೋ ಹಾಗಿಲ್ಲ, ಆ ರಕ್ಷಣೆ ಇದೆ. ಮೂರನೆಯವ್ರು ಯಾರಾದ್ರೂ ಕೂತಿದ್ರೆ ಅದು ಹೋಗ್‌ಬಿಡುತ್ತಂತೆ."

ಮಗಳ ಮನೆಯಲ್ಲಿ ನಾನು ಮೂರನೆಯವಳಾದೆ ಎಂದು ಒಂದು ಗಳಿಗೆ ಚುಚ್ಚಿತು. ಇಲ್ಲಿಯ ಅಡುಗೆಮನೆಗೆ ಗೋಡೆಯೇ ಇಲ್ಲ, ಅಲ್ಲಿ ನಿಂತರೂ ಎಲ್ಲ ಕೇಳುತ್ತದೆ. ಹಾಗಾಗಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ವಕೀಲರು ಹೊರಡುವ ಮುಂಚೆ ತಾವೇ ಬಾಗಿಲು ತಟ್ಟಿ, ಖಾಲಿ ತಟ್ಟೆ ತೋರಿಸಿ, ಎದೆಯ ಮೇಲೆ ಕೈಯಿಟ್ಟುಕೊಂಡರು. ಚುಚ್ಚಿದ್ದು ಅಲ್ಲಿಗೆ ಹೋಯಿತು.

ಆ ಸಂಜೆ ನಿಮ್ಮಮ್ಮ ನನಗೆ ತಿಳಿಸಿ ಹೇಳಿದಳು. ಈ ರಾಜ್ಯದಲ್ಲಿ ಮನೆ ಕಟ್ಟಿದವರ ಮೇಲೆ ನೇರವಾಗಿ ಕೋರ್ಟಿಗೆ ಹೋಗುವ ಹಾಗಿಲ್ಲವಂತೆ. ಮೊದಲು ಏನು ಕೆಟ್ಟಿದೆ ಎಂದು ಬರೆದು ನೋಟಿಸು ಕೊಡಬೇಕು, ಒಂದೂವರೆ ತಿಂಗಳು ಕಾಯಬೇಕು. ಅಷ್ಟರಲ್ಲಿ ಅವರು ಬಂದು ನೋಡಿ ಸರಿಮಾಡುತ್ತೇವೆ ಎನ್ನಬಹುದು, ಇಲ್ಲ ಎನ್ನಬಹುದು. ಆ ದಿನಗಳಲ್ಲಿ ಎರಡೂ ಕಡೆಯವರು ಕೆಲಸಕ್ಕೆ ಸೇರಿದ ಕಾಗದಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡರೆ, ಕೋರ್ಟಿನ ಮೆಟ್ಟಿಲು ಹತ್ತದೆಯೇ ಮುಗಿಯಬಹುದು ಎಂದು ನಮ್ಮ ವಕೀಲರ ಲೆಕ್ಕಾಚಾರ. ಎದುರಿನವರೂ ಒಪ್ಪಿದರು.

ಊಟದ ಮೇಜಿನ ಮೇಲೆ ಎರಡು ರಟ್ಟಿನ ಪೆಟ್ಟಿಗೆ ಬಂದವು. ಕರಾರು, ನಕ್ಷೆ, ಫೋಟೋ, ಕಂಪನಿಗೆ ಬರೆದ ಮೇಲ್‌ಗಳು ಒಂದರಲ್ಲಿ. ಅದು ಎದುರಿನವರಿಗೆ ಕೊಡುವುದು. ವಕೀಲರಿಗೆ ಬರೆದದ್ದು, ಅವರು ಬರೆದದ್ದು ಇನ್ನೊಂದರಲ್ಲಿ. ಅದು ಯಾರಿಗೂ ಇಲ್ಲ. "ಒಂದು ಚೀಟಿನೂ ಹರೀಬಾರ್ದು, ಬಿಸಾಕಬಾರ್ದು. ನಮಗೆ ತೊಂದ್ರೆ ಆಗೋ ಕಾಗದ ಆದ್ರೂ ಮೊದಲನೇ ಪೆಟ್ಟಿಗೆಗೇ ಹೋಗ್ಬೇಕು" ಎಂದು ನಿಮ್ಮಮ್ಮ ಎಲ್ಲರಿಗೂ ಹೇಳಿದಳು. ಚಿಕ್ಕವನು ತಾನು ಬರೆದ ಟ್ರಕ್ಕಿನ ಚಿತ್ರವನ್ನು ತಂದು ಮೊದಲನೆಯದಕ್ಕೆ ಹಾಕಿದ.

ಆ ಪೆಟ್ಟಿಗೆಗೆ ಹಾಕಬೇಕಾದ್ದು ನನ್ನ ಹತ್ತಿರವೂ ಒಂದಿತ್ತು, ನಾನು ಹಾಕಲಿಲ್ಲ.

ನಮ್ಮೂರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು ನಾನು. ಮೇಷ್ಟರು ದಿನಾ ಸಂಜೆ ಅಂದಿನ ದಿನದ ಬಗ್ಗೆ ಐದು ಸಾಲು ಬರೆಸುತ್ತಿದ್ದರು. ಮದುವೆಯಾದ ಮೇಲೆ ಅದು ನಿಂತುಹೋಯಿತು. ಬರೆಯಬೇಕಾದ್ದನ್ನೆಲ್ಲ ನಿಮ್ಮ ತಾತನ ಹತ್ತಿರ ಹೇಳುತ್ತಿದ್ದೆ. ಹಾಲು ಒಡೆದದ್ದು, ಹಸು ಒದ್ದದ್ದು, ಎಲ್ಲವನ್ನೂ. ಅವರು ಹೋದ ಮೇಲೆ ಹೇಳಿಕೊಳ್ಳಲು ಯಾರೂ ಇಲ್ಲವಾಗಿ ಮತ್ತೆ ನೋಟ್‌ಬುಕ್ಕು ಹಿಡಿದೆ. ಅವರಿಗೇ ಹೇಳುವ ಹಾಗೆ ಬರೆಯುತ್ತಿದ್ದೆ. ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಡುಗೆ ಲೆಕ್ಕ ಬರೆಯುತ್ತಾಳೆ ಎಂದು ತಿಳಿದಿದ್ದರು.

ಅದರಲ್ಲೊಂದು ಪುಟವಿತ್ತು.

ಬಚ್ಚಲಿಗೆ ಟೈಲ್ಸು ಹಾಕಿದವರು ಮೆಕ್ಸಿಕೋ ಕಡೆಯ ಹಿರಿಯರೊಬ್ಬರು. ನನಗಿಂತ ನಾಲ್ಕೈದು ವರ್ಷ ಚಿಕ್ಕವರಿರಬಹುದು, ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಅವರಿಗೆ ನನ್ನ ಭಾಷೆ ಬಾರದು, ನನಗೆ ಅವರದು ಬಾರದು. ಇಂಗ್ಲಿಷು ಇಬ್ಬರಿಗೂ ಅಷ್ಟಕ್ಕಷ್ಟೆ. ಹತ್ತು ಗಂಟೆಗೆ ಉಪ್ಪಿಟ್ಟು ಕೊಟ್ಟರೆ ಮೇಲೆ ತಮ್ಮ ಡಬ್ಬಿಯ ಮೆಣಸಿನಕಾಯಿ ಹಾಕಿಕೊಂಡು ತಿನ್ನುತ್ತಿದ್ದರು. ಈ ದೇಶದ ಬಚ್ಚಲಲ್ಲಿ ನೀರು ಬೀಳುವ ಜಾಗ ಒಂದು ಮೂಲೆ ಅಷ್ಟೆ. ಅದರ ಸುತ್ತ ಗೇಣೆತ್ತರದ ಕಟ್ಟೆ. ಕಟ್ಟೆಯಾಚೆಯ ನೆಲ ಒಣಗಿರಬೇಕು, ಅಲ್ಲಿ ನೀರು ನಿಂತರೆ ಕೆಳಗಿಳಿಯುತ್ತದೆ. ನನ್ನ ಮೊಣಕಾಲಿಗೆ ಆ ಕಟ್ಟೆ ದಾಟುವುದು ಕಷ್ಟವಾಗಿತ್ತು. ಅದೂ ಅಲ್ಲದೆ ಮಣೆ ಹಾಕಿ ಕೂತು, ಬಕೆಟ್ಟಿನಿಂದ ಚೊಂಬಿನಲ್ಲಿ ಮೊಗೆದು ಹುಯ್ದುಕೊಳ್ಳದಿದ್ದರೆ ಸ್ನಾನವಾಯಿತು ಎಂದೇ ನನಗೆ ಅನ್ನಿಸುತ್ತಿರಲಿಲ್ಲ. ಕೊನೆಗೆ ಉಳಿದ ನೀರನ್ನು ನೆಲಕ್ಕೆಲ್ಲ ಚೆಲ್ಲಿ ಪೊರಕೆಯಿಂದ ತಳ್ಳಿದರೆ ಬಚ್ಚಲು ತೊಳೆದ ಹಾಗೆ. ಚಿಕ್ಕಂದಿನಿಂದ ಮಾಡಿದ್ದು ಅದೇ.

ಇದನ್ನು ಅಳಿಯನ ಮುಂದೆ ಹೇಳಲು ನಾಚಿಕೆ. ಮಗಳಿಗೆ ಹೇಳಿದರೆ ಅಳಿಯನಿಗೆ ಹೋಗುತ್ತದೆ. ಒಂದು ದಿನ ಮನೆಯಲ್ಲಿ ಯಾರೂ ಇಲ್ಲದಾಗ ಆ ಹಿರಿಯರಿಗೆ ಕಟ್ಟೆ ತೋರಿಸಿ, ಮೊಣಕಾಲು ಮುಟ್ಟಿಕೊಂಡು, ಕೈಯಿಂದ ಸವರಿ ಹಾಕಿದ ಹಾಗೆ ಸನ್ನೆ ಮಾಡಿದೆ. ಅವರು ತಲೆ ಅಡ್ಡಡ್ಡ ಆಡಿಸಿದರು. ನಾನು ಕೈಮುಗಿದೆ. ಅವರು ಹೊರಗೆ ಹೋಗಿ ಫೋನಿನಲ್ಲಿ ಯಾರ ಜೊತೆಯೋ ತುಂಬಾ ಹೊತ್ತು ಮಾತಾಡಿದರು. ಒಳಗೆ ಬಂದು ನಿಟ್ಟುಸಿರು ಬಿಟ್ಟು ಕಟ್ಟೆ ತೆಗೆದರು. ಅಂದು ಸಂಜೆ ಎಲ್ಲವನ್ನೂ ಬರೆದೆ. ಮಗಳು ಅಳಿಯ ನೋಡಿದಾಗ ನಕ್ಷೆಯಲ್ಲೇ ಹೀಗಿದೆ ಎಂದುಕೊಂಡರು.

ನೋಟಿಸು ಹೋದ ಮೂರು ವಾರಕ್ಕೆ ಕಂಪನಿಯ ಪತ್ರ ಬಂತು. ನಿಮ್ಮಪ್ಪ ಅದನ್ನು ಗಟ್ಟಿಯಾಗಿ ಓದಿದರು.

"ಒಪ್ಕೊಂಡ್‌ಬಿಟ್ರು ನೋಡೇ! ಟೈಲ್ಸಿನವ್ನು ಯಾರಿಗೂ ಹೇಳ್ದೆ, ತನ್ನಿಷ್ಟಕ್ಕೆ ಬಚ್ಚಲ ಕರ್ಬ್, ಅದೇ ಕಟ್ಟೆ, ತೆಗೆದಿದಾನಂತೆ. ವಿಚಾರಣೆ ಮುಗಿಯೋವರೆಗೂ ಕೆಲಸದಿಂದ ನಿಲ್ಲಿಸಿದೀವಿ ಅಂತ ಬರ್ದಿದಾರೆ. ನಮ್ ಕೇಸ್ ಗಟ್ಟಿ ಆಯ್ತು ಬಿಡು."

"ಯಾರನ್ನ ನಿಲ್ಲಿಸಿದಾರೆ?" ಎಂದು ಕೇಳಿದೆ.

"ಅದೇ ಅತ್ತೆ, ನಿಮ್ ಉಪ್ಪಿಟ್ಟು ಫ್ರೆಂಡು."

ಆ ಮನುಷ್ಯ ನನ್ನ ಮೊಣಕಾಲು ನೋಡಿ ಮರುಗಿ ಮಾಡಿದ್ದಕ್ಕೆ ಈಗ ಕೆಲಸ ಕಳೆದುಕೊಳ್ಳುತ್ತಿದ್ದರು. ನಾನು ಬಾಯಿ ಬಿಟ್ಟರೆ ಮಗಳ ಕೇಸು ಕೆಡುತ್ತದೆ. ಅವಳು ನನಗಾಗಿಯೇ ಕಟ್ಟಿಸಿದ ಬಚ್ಚಲು ಅದು. ಮಾರನೆಯ ದಿನ ನೀವು ಶಾಲೆಗೆ, ನಿಮ್ಮ ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ನೋಟ್‌ಬುಕ್ಕು ತೆರೆದು ಆ ಪುಟದ ತುದಿ ಹಿಡಿದೆ. ಹೊಲಿಗೆ ಹಾಕಿದ ಪುಸ್ತಕ, ಇದನ್ನು ಹರಿದರೆ ಇದರ ಜೋಡಿ ಹಾಳೆಯೂ ಬಿಟ್ಟುಕೊಳ್ಳುತ್ತದೆ. ಹರಿಯಲಿಲ್ಲ. ಅಕ್ಕಿ ಡಬ್ಬದಲ್ಲಿ, ಅಕ್ಕಿಯ ಕೆಳಗೆ ಇಟ್ಟೆ. ಎರಡು ದಿನ ಅಲ್ಲೇ ಇತ್ತು. ಎರಡು ದಿನವೂ ಅನ್ನಕ್ಕೆ ಅಕ್ಕಿ ಅಳೆಯುವಾಗ ಅದು ಪಾವಿಗೆ ತಗಲುತ್ತಿತ್ತು. ಮೂರನೇ ದಿನ ತೆಗೆದು ಒರೆಸಿ, ನಿಮ್ಮಮ್ಮ ಕೆಲಸದಿಂದ ಬಂದು ಕೈತೊಳೆಯುವಾಗ ಪಕ್ಕದಲ್ಲಿಟ್ಟು, ಕಟ್ಟೆ ತೆಗೆಸಿದವಳು ನಾನು ಎಂದೆ.

ಅವಳು ನಲ್ಲಿ ನಿಲ್ಲಿಸುವುದನ್ನೂ ಮರೆತಳು. "ವರ್ಷ ಆಗ್ತಾ ಬಂತು, ಹೇಳಿಲ್ಲ! ನಾನು ನಿನ್ ಮಗಳು ಅಮ್ಮಾ, ಪಕ್ಕದ್ಮನೆಯವ್ಳಲ್ಲ. ಬಕೆಟ್ಟಲ್ಲಿ ಸ್ನಾನ ಮಾಡ್ತೀನಿ ಅಂದ್ರೆ ನಾನು ಬೇಡ ಅಂತಿದ್ನಾ?" ಅನ್ನುತ್ತಲೇ ಪುಟ ತಿರುವಿ, "ಇದರೊಳಗೆಲ್ಲಾ ಯಾಕೆ ಅಕ್ಕಿ?" ಎಂದಳು.

ನಿಮ್ಮಪ್ಪ ಬಂದು ಕೇಳಿ, ಬ್ಯಾಗು ಕೆಳಗಿಟ್ಟು ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಮೆಲ್ಲಗೆ, "ಅತ್ತೆ, ತಪ್ಪು ತಿಳ್ಕೋಬೇಡಿ. ಇದು ಕನ್ನಡದಲ್ಲಿದೆ, ನಿಮ್ಮ ಸ್ವಂತ ಪುಸ್ತಕ. ಪೆಟ್ಟಿಗೆಗೆ ಹಾಕ್ಲೇಬೇಕಾ ಅಂತ ಲಾಯರ್‌ನ ಒಂದ್ ಮಾತು ಕೇಳೋಣ" ಎಂದರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ವಕೀಲರ ಕಚೇರಿ ಸಿಯಾಟಲ್‌ನ ಡೆನ್ನಿ ಟ್ರಯಾಂಗಲ್‌ನಲ್ಲಿ, ಗಾಜಿನ ಕಟ್ಟಡವೊಂದರ ಮೇಲಂತಸ್ತಿನಲ್ಲಿ. ಲಿಫ್ಟಿನಲ್ಲಿ ಕಿವಿ ಕಟ್ಟಿಕೊಂಡಿತು. ಅವರು ಮೊದಲು ಒಂದು ಕಾಗದ ಮುಂದಿಟ್ಟರು. ನಾನೂ ಅವರ ಕಕ್ಷಿದಾರಳು ಎಂದು ಅದರಲ್ಲಿತ್ತು. ರುಜು ಹಾಕಿದೆ. "ಇನ್ನು ಮೇಲೆ ನೀವು ಇಲ್ಲಿ ಹೇಳುವುದೆಲ್ಲ ನನ್ನ ಹತ್ತಿರವೇ ಉಳಿಯುತ್ತದೆ" ಎಂದರು. ನಿಮ್ಮಮ್ಮ ಒಂದೊಂದು ಮಾತನ್ನೂ ಕನ್ನಡಕ್ಕೆ ತಂದು ಹೇಳುತ್ತಿದ್ದಳು. ನಾನು ಎಲ್ಲ ಹೇಳಿದೆ. ನನ್ನ ಬಾಳಿನಲ್ಲಿ ಬೇರೆಯವರ ಎದುರು ಅಷ್ಟು ಮಾತಾಡಿದ್ದು ಅದೇ ಮೊದಲು.

ನೋಟ್‌ಬುಕ್ಕು ಕೊಡದೆ ಇರಬಹುದೇ ಎಂದು ನಿಮ್ಮಪ್ಪ ಕೇಳಿದರು. ಇಲ್ಲ ಎಂದರು ವಕೀಲರು. ತಮ್ಮ ಜೊತೆ ಆಡಿದ ಮಾತಿಗೆ ರಕ್ಷಣೆ ಇದೆ, ಆದರೆ ತಮಗಿಂತ ಮೊದಲೇ ಇದ್ದ ಪುಸ್ತಕವನ್ನು ತಮ್ಮ ಕೈಗೆ ಕೊಟ್ಟ ಮಾತ್ರಕ್ಕೆ ಅದು ಗುಟ್ಟಾಗುವುದಿಲ್ಲ. ಯಾವ ಭಾಷೆಯಲ್ಲಿದ್ದರೂ ಅಷ್ಟೆ. ಕಾಗದ ತೋರಿಸುತ್ತೇವೆಂದ ಒಪ್ಪಂದದಿಂದ ಹಿಂದೆ ಸರಿಯಬಹುದು. ಆಗ ಕೋರ್ಟಿನಲ್ಲಿ, ಪ್ರಮಾಣ ಮಾಡಿಸಿ, ಇದನ್ನೇ ಕೇಳುತ್ತಾರೆ. "ಪುಟ ಹರಿಯದೆ ತಂದಿದ್ದೀರಿ, ಅದು ದೊಡ್ಡದು" ಎಂದೂ ಹೇಳಿದರು.

ನನಗೆ ಒಂದು ಕೇಳಬೇಕಿತ್ತು. ತಲೆ ಬಗ್ಗಿಸಿಕೊಂಡೇ ಕೇಳಿದೆ. "ಇದು ನಾನು ನಮ್ಮೆಜಮಾನರಿಗೆ ಹೇಳಿದ್ದು. ಗಂಡ ಹೆಂಡತಿ ಮಾತಾಡಿದ್ದನ್ನೂ ಕೇಳ್ತಾರಾ?"

ನಿಮ್ಮಮ್ಮ ಅದನ್ನು ಇಂಗ್ಲಿಷಿಗೆ ತಿರುಗಿಸಲು ಹೋಗಿ ಅರ್ಧಕ್ಕೆ ನಿಂತಳು. ಆ ಪುಸ್ತಕ ಯಾರಿಗೆ ಬರೆದದ್ದು ಎಂದು ಅವಳಿಗೆ ತಿಳಿದದ್ದು ಆಗಲೇ. ಪುಟ ತೆರೆದು ನೋಡಿ, "ಅಪ್ಪಂಗಾ ಅಮ್ಮಾ?" ಎಂದಳು. ನಿಮ್ಮಪ್ಪನೇ ಉಳಿದದ್ದನ್ನು ಹೇಳಬೇಕಾಯಿತು.

ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಗಂಡ ಹೆಂಡತಿ ಒಬ್ಬರಿಗೊಬ್ಬರು ಹೇಳಿಕೊಂಡದ್ದಕ್ಕೂ ಕಾನೂನಿನ ಕಾವಲಿದೆ, ಅವರು ಬದುಕಿದ್ದಾಗ ನೀವು ಹೇಳಿದ್ದನ್ನು ಯಾರೂ ಕೇಳುವ ಹಾಗಿಲ್ಲ ಎಂದರು. ಆದರೆ ಅವರು ಹೋದ ಮೇಲೆ ಬರೆದದ್ದಕ್ಕೆ ಆ ಕಾವಲು ಬರುವುದಿಲ್ಲ, ಕಾನೂನಿನ ಕಣ್ಣಿಗೆ ಅದು ನೀವೊಬ್ಬರೇ ಬರೆದುಕೊಂಡ ಪುಟ. ಇದನ್ನು ಹೇಳುವಾಗ ಅವರ ದನಿ ತಗ್ಗಿತ್ತು. "ನನಗೆ ಸಾಧ್ಯವಾದಷ್ಟನ್ನು ಮುಚ್ಚುತ್ತೇನೆ. ಕಟ್ಟೆಯ ವಿಷಯ ಬಿಟ್ಟು ಬೇರೆ ಏನನ್ನೂ ಅವರು ನೋಡಬೇಕಾಗಿಲ್ಲ."

ಪುಟಗಳನ್ನು ಇಂಗ್ಲಿಷಿಗೆ ಮಾಡಲು ಹೊರಗಿನವರೇ ಬೇಕಿತ್ತು. ಹತ್ತಿರದ ಈಸ್ಟ್‌ಗೇಟ್‌ನಿಂದ ಧಾರವಾಡ ಕಡೆಯ ಹಿರಿಯರೊಬ್ಬರು ಬಂದರು. ಈ ದೇಶಕ್ಕೆ ಓದಲೆಂದು ಬಂದು ವಿಮಾನದ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರು ಮೇಜಿನ ಆ ತುದಿ, ನಾನು ಈ ತುದಿ. ಪರಗಂಡಸರು ನನ್ನ ಪುಸ್ತಕ ಓದುವುದನ್ನು ನೋಡುತ್ತ ಕೂರುವುದಕ್ಕಿಂತ ಬಚ್ಚಲ ನೀರಿನ ಜೊತೆ ನಾನೂ ಕೆಳಗಿಳಿದು ಹೋಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಅಕ್ಷರ ಭಾಳ ಛಂದ ಅದಾವ್ರಿ ಅಕ್ಕಾರ" ಎಂದರು. ಸ್ವಲ್ಪ ಹೊತ್ತಿಗೆ ಅವರ ಹೊಟ್ಟೆ ಕುಲುಕತೊಡಗಿತು. "ಅಳಿಯಂದಿರ ಗೊರಕಿ ಸುದ್ದಿನೂ ಅದ. ಇದನ್ನೂ ಇಂಗ್ಲಿಷ್‌ಗೆ ಮಾಡ್ಲಿ ಏನು?"

"ಬೇಡ, ಬೇಡ" ಎಂದೆ.

"ಮಾಡಿ ಸಾರ್, ಅದೂ ಸಾಕ್ಷಿ" ಎಂದು ನಿಮ್ಮಮ್ಮ ಒಳಗಿನಿಂದ ಕೂಗಿದಳು.

ನೀವು ಕಂಡ ಕಪ್ಪು ಪಟ್ಟಿಯ ಕೆಳಗೆ ಇರುವುದು ಇವೇ: ವಕೀಲರು ಹೇಳಿದ್ದೆಂದು ನಿಮ್ಮಮ್ಮನಿಂದ ಕೇಳಿ ನಾನು ಬರೆದ ಸಾಲುಗಳು, ಅಳಿಯನ ಗೊರಕೆ, ನಿಮ್ಮ ತಾತನಿಗೆ ಹೇಳಿಕೊಂಡ ಇನ್ನೂ ಕೆಲವು ಮಾತು. ಕಟ್ಟೆಯ ಪುಟಕ್ಕೆ ಬಂದಾಗ ಧಾರವಾಡದ ಹಿರಿಯರು ನಗು ನಿಲ್ಲಿಸಿ ಎರಡು ಸಲ ಓದಿದರು. "ಅಕ್ಕಾರ, ಇಲ್ಲಿ ನೋಡ್ರಿ. ಕಟ್ಟಿ ತೆಗಿಯೂಕಿಂತ ಮೊದಲ ಅಂವಾ ಫೋನ್ ಮಾಡ್ಯಾನಂತ ಬರದೀರಿ. ಯಾರಿಗೂ ಹೇಳದ ತೆಗದ ಅಂತಾರಲ್ಲ ಕಂಪನಿಯವರು, ಇದು ಹೆಂಗ?"

ನಾನು ಬರೆದದ್ದೇ, ನನಗೇ ಹೊಳೆದಿರಲಿಲ್ಲ. ನನ್ನ ತಪ್ಪನ್ನೇ ನೋಡುತ್ತಾ ಕೂತವಳಿಗೆ ಅದರ ಪಕ್ಕದ ಸಾಲು ಕಂಡಿರಲಿಲ್ಲ.

ಪೆಟ್ಟಿಗೆ ಹೋಯಿತು, ಅವರದು ಬಂತು. ವಕೀಲರು ಆ ದಿನದ ಕಾಗದವನ್ನೇ ಮೊದಲು ಹುಡುಕಿದರು. ಟೈಲ್ಸಿನವರು ದಿನಾ ಕಂಪನಿಗೆ ಬರೆದು ಕೊಡುತ್ತಿದ್ದ ಕೆಲಸದ ಹಾಳೆ ಅದು. ಅದರಲ್ಲಿ ಹೀಗಿತ್ತು: ಮನೆಯ ಅಜ್ಜಿಗೆ ಕಾಲು ನೋವು, ಕಟ್ಟೆ ಬೇಡವೆಂದು ಕೇಳುತ್ತಿದ್ದಾರೆ. ಕಟ್ಟೆ ತೆಗೆದರೆ ನೀರಿಳಿಯದ ಹಾಗೆ ಹಾಸುವ ರಬ್ಬರ್ ಹಾಳೆಯನ್ನು ಇಡೀ ನೆಲದ ಕೆಳಗೆ ಹಾಸಬೇಕು, ಮನೆಯವರ ರುಜುವೂ ಬೇಕು, ಎಂದು ಆಫೀಸಿಗೆ ಫೋನ್ ಮಾಡಿ ಹೇಳಿದೆ. ರಬ್ಬರ್ ಹಾಳೆ ಬೇಡ, ತಡವಾಗುತ್ತದೆ, ಕಟ್ಟೆ ತೆಗೆದು ಮುಗಿಸು ಎಂದರು. ಹೀಗೆ ನಾಲ್ಕೇ ಸಾಲು. ಅವರ ಕೆಲಸದ ಹಾಳೆ ಒಂದೇ ಇದ್ದಿದ್ದರೆ, ಕೆಲಸ ಉಳಿಸಿಕೊಳ್ಳಲು ಆಮೇಲೆ ಬರೆದದ್ದು ಎನ್ನಬಹುದಾಗಿತ್ತು. ಇನ್ನೊಂದು ಕಡೆ, ಅದೇ ತಾರೀಖಿಗೆ, ಅವರಿಗೆ ಅರ್ಥವೇ ಆಗದ ಲಿಪಿಯಲ್ಲಿ ನಾನೂ ಆ ಫೋನಿನ ಬಗ್ಗೆ ಬರೆದಿದ್ದೆ.

ಒಂದೂವರೆ ತಿಂಗಳು ಮುಗಿಯುವ ಮುಂಚೆ ಕಂಪನಿಯ ವಕೀಲರಿಂದ ಬೇರೆಯ ಪತ್ರ ಬಂತು. ಮೊದಲಿನ ಪತ್ರವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ, ನೆಲವನ್ನು ಪೂರ್ತಿ ತೆಗೆದು ರಬ್ಬರ್ ಹಾಳೆ ಹಾಸಿ, ಕಟ್ಟೆಯಿಲ್ಲದೆಯೇ ಮತ್ತೆ ಮಾಡಿಕೊಡುತ್ತೇವೆ ಎಂದು. ತಪ್ಪಿನಲ್ಲಿ ನನ್ನ ಪಾಲೂ ಇದ್ದುದರಿಂದ ಕೆಳಗಿನ ಸೂರು ನಮ್ಮ ಮೇಲೆ ಬಿತ್ತು. ನಿಮ್ಮಪ್ಪ ತಾವೇ ಏಣಿ ಹಾಕಿ ಬಣ್ಣ ಬಳಿದರು, ಕೂದಲಿಗೂ ಬಳಿದುಕೊಂಡರು. ಟೈಲ್ಸಿನವರನ್ನು ಕೆಲಸಕ್ಕೆ ಕರೆದುಕೊಂಡರೇ ಎಂದು ನಾನು ದಿನಕ್ಕೆರಡು ಸಲ ಕೇಳುತ್ತಿದ್ದೆ. ಪತ್ರದಲ್ಲಿ ಅದಿರಲಿಲ್ಲ. "ಅದು ಅವ್ರ ಕಂಪನಿ ವಿಷ್ಯ ಅಮ್ಮಾ, ನಾವು ಕೇಳಕ್ಕಾಗಲ್ಲ" ಎಂದಳು ನಿಮ್ಮಮ್ಮ. ಆದರೂ ಮಾರನೆಯ ದಿನ ಫೋನ್ ಮಾಡಿ ಕೇಳಿದಳು. ನೋಡೋಣ ಎಂದಷ್ಟೇ ಅಂದರಂತೆ.

ಕೆಲಸ ಶುರುವಾಗುವ ಸೋಮವಾರ ನಾನು ಬೆಳಿಗ್ಗೆಯಿಂದ ಕಿಟಕಿ ಬಿಟ್ಟು ಅಲುಗಲಿಲ್ಲ. ವ್ಯಾನು ಬಂದು ನಿಂತಿತು. ಮೊದಲು ಇಳಿದವರು ಯಾರೋ ಗೊತ್ತಿಲ್ಲದವರು. ಆಮೇಲೆ ಇನ್ನೊಂದು ಬಾಗಿಲು ತೆರೆದು, ರಬ್ಬರ್ ಹಾಳೆಯ ಸುರುಳಿ ಹೆಗಲಿಗೇರಿಸಿಕೊಂಡು, ಆ ಬಿಳಿ ಮೀಸೆಯವರು ಇಳಿದರು.

ಅವರ ಭಾಷೆಯಲ್ಲಿ ಕ್ಷಮಿಸಿ ಎನ್ನುವ ಮಾತನ್ನು ನಿಮ್ಮಮ್ಮನಿಂದ ಕಲಿತಿದ್ದೆ. ಬಾಗಿಲಲ್ಲಿ ಹೇಳಬೇಕೆಂದುಕೊಂಡದ್ದನ್ನು ಅವರು ನೆಲ ಅಗೆದು ಮುಗಿಸುವ ಹೊತ್ತಿಗೆ ಹೇಳಿದೆ. ಅವರು ಕೈಬೀಸಿ ನಕ್ಕು, ತಮ್ಮ ಮೊಣಕಾಲನ್ನೇ ತಟ್ಟಿ ತೋರಿಸಿ ಮುಖ ಹಿಂಡಿದರು. ಅವರಿಗೂ ನೋವು ಶುರುವಾಗಿತ್ತು.

ನಾಲ್ಕನೇ ದಿನ ಗೋಡೆಗೆ ಹಿಡಿಕೆ ಕೂರಿಸುವುದಿತ್ತು, ನಾನು ಮಣೆಯಿಂದ ಏಳುವಾಗ ಹಿಡಿದುಕೊಳ್ಳಲು. ನಕ್ಷೆಯಲ್ಲಿದ್ದ ಜಾಗ ನನಗೆ ಎತ್ತರವಾಯಿತು. ಇನ್ನೂ ಕೆಳಗೆ, ಇಲ್ಲಿ, ಎಂದು ಕೈಯಿಟ್ಟು ತೋರಿಸಿದೆ. ಅವರು ತಕ್ಷಣ ಎರಡೂ ಅಂಗೈ ಎತ್ತಿ ನನ್ನನ್ನು ತಡೆದರು. ವ್ಯಾನಿಗೆ ಹೋಗಿ ಒಂದು ಕಾಗದ, ಪೆನ್ನು ತಂದರು. ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದ ನಿಮ್ಮಮ್ಮನನ್ನು ಕರೆದೆ. ಅವಳು ಇಂಗ್ಲಿಷಿನಲ್ಲಿ ಬರೆದಳು, ನಾನು ಕನ್ನಡದಲ್ಲಿ ರುಜು ಹಾಕಿದೆ, ಕೆಳಗೆ ಅವಳು, ಅದರ ಕೆಳಗೆ ಅವರು. ಅವರು ಮೂರು ರುಜುವನ್ನೂ ಬೆರಳಿಟ್ಟು ಎಣಿಸಿ, ಕಾಗದ ಮಡಿಸಿ ಜೇಬಿನಲ್ಲಿಟ್ಟುಕೊಂಡು, ಆಮೇಲೆ ಡ್ರಿಲ್ಲು ಕೈಗೆತ್ತಿಕೊಂಡರು.